ನಗೋಯಾದಲ್ಲಿ ಅತ್ತೆ, ನಾನು ಮತ್ತು ನಲವತ್ತು ವಾಕ್ಯ

ನನ್ನ ಹೆಂಡತಿಯನ್ನು ಅವಳ ಕಂಪನಿಯವರು ಆರು ತಿಂಗಳ ಕೆಲಸಕ್ಕೆ ಅಂತ ಜಪಾನಿನ ನಗೋಯಾಗೆ ಕಳಿಸಿದ್ದರು. 2024ರ ಆಗಸ್ಟ್‌ನಲ್ಲಿ ಒಂದು ರಾತ್ರಿ ಫೋನ್ ಮಾಡಿ, ನವೆಂಬರ್‌ನಲ್ಲಿ ಅಮ್ಮನ್ನ ಕರ್ಕೊಂಡು ಬಾ, ಹದಿನೈದು ದಿನ ಇದ್ದು ಹೋಗಿ ಅಂದಳು. ಖುಷಿಯಾಯಿತು. ಆಮೇಲೆ ಮೆಲ್ಲಗೆ ಇನ್ನೊಂದು ಮಾತು ಸೇರಿಸಿದಳು. "ನನಗೆ ರಜಾ ಇರೋದು ಶನಿವಾರ, ಭಾನುವಾರ ಮಾತ್ರ. ಬಾಕಿ ದಿನ ನೀವಿಬ್ರೇ ಓಡಾಡ್ಕೋಬೇಕು. ಇಲ್ಲಿ ಇಂಗ್ಲಿಷ್ ಅಷ್ಟೊಂದು ನಡೆಯಲ್ಲ. ನಾಲ್ಕು ಮಾತು ಕಲ್ತ್ಕೊಂಡು ಬನ್ನಿ."

ಅತ್ತೆ ಸಾಗರದವರು. ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ಆಗಿದ್ದು ನಿವೃತ್ತರಾಗಿದ್ದಾರೆ. ಎರಡೂ ಮೊಣಕಾಲಿಗೆ ನೋವು, ದಿನಾ ಬೀಪಿ ಮಾತ್ರೆ, ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರ. ಇವರನ್ನು ಕರೆದುಕೊಂಡು ಭಾಷೆ ಗೊತ್ತಿಲ್ಲದ ಊರಲ್ಲಿ ಬೆಳಗಿಂದ ಸಂಜೆವರೆಗೆ ತಿರುಗಬೇಕು. ನನಗೆ ಮೂರು ತಿಂಗಳು ಟೈಮಿತ್ತು.

ಮೊದಲು ಎಲ್ಲರೂ ಮಾಡೋದನ್ನೇ ಮಾಡಿದೆ. ಫೋನಿಗೆ ಒಂದು ಆಪ್ ಹಾಕಿಕೊಂಡೆ. ಮೊದಲ ವಾರ ಅದು ಅನ್ನ, ನೀರು, ಚಹಾ ಕಲಿಸಿತು, ಸರಿ. ಎರಡನೇ ವಾರ "ನನ್ನ ತಮ್ಮ ವಕೀಲ", "ನಿಮ್ಮ ನಾಯಿ ಮುದ್ದಾಗಿದೆ" ಶುರುವಾಯಿತು. ನನಗೆ ತಮ್ಮನೇ ಇಲ್ಲ. ದಿನ ತಪ್ಪಿಸಿದರೆ ಅಳುವ ಮುಖ ಬೇರೆ ತೋರಿಸುತ್ತಿತ್ತು. ಬಿಟ್ಟೆ. ಆಮೇಲೆ ಪ್ರವಾಸಿಗರಿಗೆ ಬೇಕಾದ ನಲವತ್ತು ವಾಕ್ಯಗಳ ಒಂದು ಪಟ್ಟಿ ಸಿಕ್ಕಿತು. ಎಡಗಡೆ ಇಂಗ್ಲಿಷ್, ಬಲಗಡೆ ಇಂಗ್ಲಿಷ್ ಅಕ್ಷರದಲ್ಲೇ ಜಪಾನಿ. ಅದನ್ನು ಪ್ರಿಂಟ್ ತೆಗೆದು ಮಡಚಿ ಜೇಬಲ್ಲಿಟ್ಟುಕೊಂಡು, ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಬಸ್ಸು ನಿಂತಾಗೆಲ್ಲ ಉರು ಹೊಡೆದೆ. ಅಲ್ಲಿ ಬಸ್ಸು ನಿಲ್ಲೋ ಹೊತ್ತಿಗೆ ಒಂದು ಭಾಷೆಯೇನು, ಎರಡು ಕಲಿಯಬಹುದು.

ಐದು ವಾರಕ್ಕೆ ನಲವತ್ತೂ ಬಾಯಿಗೆ ಬಂತು. ಆದರೆ ಒಂದು ತೊಂದರೆ. ವಾಕ್ಯದಲ್ಲಿ ಒಂದು ಪದ ಬದಲಿಸಬೇಕು ಅಂದರೆ ಆಗುತ್ತಿರಲಿಲ್ಲ. "ಸ್ಟೇಷನ್ ಎಲ್ಲಿದೆ" ಬರುತ್ತಿತ್ತು, "ಮೆಡಿಕಲ್ ಶಾಪ್ ಎಲ್ಲಿದೆ" ಅನ್ನೋಕೆ ಬರುತ್ತಿರಲಿಲ್ಲ. ಮಗ್ಗಿಯನ್ನು ಒಂದರಿಂದಲೇ ಹೇಳಿಕೊಂಡು ಬಂದರೆ ಮಾತ್ರ ಉತ್ತರ ಗೊತ್ತಾಗುವ ಹುಡುಗನ ಹಾಗಾಗಿತ್ತು ನನ್ನ ಪರಿಸ್ಥಿತಿ. ಇಂಗ್ಲಿಷ್ ವಾಕ್ಯವನ್ನು ಮನಸ್ಸಲ್ಲಿ ಇಟ್ಟುಕೊಂಡು, ಅದನ್ನು ಬಾಲದಿಂದ ತಲೆಗೆ ತಿರುಗಿಸಿ, ಆಮೇಲೆ ಜಪಾನಿ ಪದ ತುಂಬಿಸಬೇಕಿತ್ತು. ಅಷ್ಟು ಹೊತ್ತಿಗೆ ಎದುರಿಗಿದ್ದವರು ಮನೆಗೆ ಹೋಗಿರುತ್ತಾರೆ.

ದಸರಾ ಮುಗಿಸಿಕೊಂಡು ಅತ್ತೆ ಬೆಂಗಳೂರಿಗೆ ಬಂದರು. ಒಂದು ದಿನ ಸಂಜೆ ಅವರು ಅಡುಗೆಮನೆಯಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಿದ್ದರು, ನಾನು ಊಟದ ಟೇಬಲ್ ಮೇಲೆ ಪಟ್ಟಿ ಹರಡಿಕೊಂಡು ಜೋರಾಗಿ ಹೇಳಿಕೊಳ್ಳುತ್ತಿದ್ದೆ. "ತೊಯಿರೆ ವ ದೊಕೊ ದೆಸ್ ಕ."

"ಹಾಗಂದ್ರೇನು ಅಳಿಯಂದ್ರೇ?"

"ಟಾಯ್ಲೆಟ್ ಎಲ್ಲಿದೆ ಅಂತ."

"ಒಂದೊಂದೇ ಪದ ಬಿಡಿಸಿ ಹೇಳಿ."

ಹೇಳಿದೆ. ತೊಯಿರೆ ಅಂದರೆ ಟಾಯ್ಲೆಟ್. ವ ಅಂದರೆ, ಯಾವುದರ ಬಗ್ಗೆ ಮಾತಾಡ್ತಿದ್ದೀವೋ ಅದಕ್ಕೆ ಅಂಟಿಸೋದು. ದೊಕೊ ಅಂದರೆ ಎಲ್ಲಿ. ದೆಸ್ ಅಂದರೆ ಇದೆ. ಕೊನೆಗೆ ಕ ಬಂದರೆ ಪ್ರಶ್ನೆ.

ಅತ್ತೆ ಹುರುಳಿಕಾಯಿ ಕೆಳಗಿಟ್ಟರು. "ಟಾಯ್ಲೆಟ್ಟು ಅನ್ನೋದು ಎಲ್ಲಿ ಇದೆ. ನಾವು ಹೇಳೋ ಹಾಗೇ ಇದೆಯಲ್ಲ. ಕೊನೆಗೆ ಕ ಬರೋದು ನಾವು 'ಇದೆಯಾ', 'ಬರ್ತೀರಾ' ಅಂತ ಆ ಹಚ್ತೀವಲ್ಲ, ಹಾಗೆ. ಇದನ್ನ ಯಾಕೆ ಇಂಗ್ಲಿಷಿಂದ ಕಲೀತಿದ್ದೀರಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಇಂಗ್ಲಿಷಿಂದ ಕಲಿಯದೆ ಇನ್ಯಾವುದರಿಂದ ಕಲಿಯೋದು ಅನ್ನುವ ಪ್ರಶ್ನೆಯೇ ನನಗೆ ಬಂದಿರಲಿಲ್ಲ.

ಅವತ್ತೇ ಅತ್ತೆ ಒಂದು ನೂರು ಪುಟದ ಗೆರೆ ನೋಟ್‌ಬುಕ್ ತರಿಸಿದರು. ಕೆಂಪು ಪೆನ್ನು ಅವರ ಚೀಲದಲ್ಲೇ ಇತ್ತು, ನಿವೃತ್ತಿಯಾದರೂ ಅದು ಹೋಗಿಲ್ಲ. ಪಟ್ಟಿಯ ನಲವತ್ತು ವಾಕ್ಯವನ್ನೂ ಕನ್ನಡ ಅಕ್ಷರದಲ್ಲಿ ಬರೆಸಿದರು. ಪ್ರತಿ ಪದದ ಕೆಳಗೆ ಕನ್ನಡದ ಅರ್ಥ, ಅದೇ ಕ್ರಮದಲ್ಲಿ. ಕೋಹೀ ಒ ಕುದಸಾಯ್, ಕಾಫಿ ಅನ್ನು ಕೊಡಿ. ನಗೋಯಾ ನಿ ಇಕಿಮಸ್, ನಗೋಯಾ ಗೆ ಹೋಗ್ತೀನಿ. ನಗೋಯಾ ಕರ ಅಂದರೆ ನಗೋಯಾದಿಂದ, ಮದೆ ಅಂದರೆ ವರೆಗೆ. ಒಂದು ಪದವನ್ನೂ ಆಚೀಚೆ ಮಾಡಬೇಕಾಗಿಲ್ಲ. "ವಿಭಕ್ತಿ ಪ್ರತ್ಯಯ ಕಣ್ರೀ ಇವು" ಅಂತ ಅತ್ತೆ ಒ, ನಿ, ಕರಗಳ ಸುತ್ತ ಕೆಂಪು ಸೊನ್ನೆ ಹಾಕಿದರು. ಅಲ್ಲಿಂದ ಮುಂದೆ ನಲವತ್ತು ವಾಕ್ಯ ನಾನೂರು ಆಗೋಕೆ ಹೆಚ್ಚು ದಿನ ಬೇಕಾಗಲಿಲ್ಲ, ಯಾಕೆಂದರೆ ಪದ ತೆಗೆದು ಪದ ಹಾಕಿದರೆ ಆಯಿತು.

ಇನ್ನೊಂದು ದಿನ ಅವರ ಅಕ್ಷರಮಾಲೆ ತೋರಿಸಿದೆ. ಜಪಾನಿಯಲ್ಲಿ ಹಿರಗಾನ, ಕತಕಾನ ಅಂತ ಎರಡು ಬಗೆ ಅಕ್ಷರ, ಎರಡರಲ್ಲೂ 46 ಮೂಲ ಅಕ್ಷರ, ಇವುಗಳ ಜೊತೆಗೆ ಚೀನಾದಿಂದ ಬಂದ ಕಾಂಜಿ ಸಾವಿರಗಟ್ಟಲೆ. ಹಿರಗಾನದ ಚಾರ್ಟ್ ಅ ಇ ಉ ಎ ಒ ಅಂತ ಶುರುವಾಗುತ್ತೆ. ಆಮೇಲೆ ಕ ಸ ತ ನ ಹ ಮ ಯ ರ ವ. ನಾನು ಇದನ್ನು ಎರಡು ತಿಂಗಳಿಂದ ನೋಡುತ್ತಿದ್ದೆ, ಏನೂ ಹೊಳೆದಿರಲಿಲ್ಲ. ಅತ್ತೆ ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು. "ಇದು ನಮ್ಮ ವರ್ಣಮಾಲೆ. ಚ ಇರಬೇಕಾದ ಕಡೆ ಸ ಇದೆ, ಪ ಇರಬೇಕಾದ ಕಡೆ ಹ ಇದೆ, ಅಷ್ಟೇ."

ಹುಡುಕಿದರೆ ನಿಜವೇ. ಬೌದ್ಧ ಸನ್ಯಾಸಿಗಳು ಮಂತ್ರ ಓದೋಕೆ ಅಂತ ಸಂಸ್ಕೃತದ ಸಿದ್ಧಂ ಲಿಪಿಯನ್ನು ಚೀನಾ ಮೂಲಕ ಜಪಾನಿಗೆ ಒಯ್ದಿದ್ದರು, ಆ ಕಲಿಕೆಯಿಂದ ಈ ಜೋಡಣೆ ಬಂತು. ಹ ಸಾಲು ಹಳೆಯ ಕಾಲದಲ್ಲಿ ಪ ಆಗಿತ್ತಂತೆ. ಇದನ್ನು ಹೇಳಿದ್ದೇ ತಡ, ಅತ್ತೆ ಕ್ಲಾಸಿನಲ್ಲಿ ನಿಂತ ಹಾಗೆ ನಿಂತುಬಿಟ್ಟರು. "ಹಳಗನ್ನಡದ ಪಾಲ್ ಹಾಲು ಆಗಲಿಲ್ವಾ? ಪೂ ಹೂ ಆಗಲಿಲ್ವಾ? ಅವರದ್ದೂ ಅದೇ ಕಥೆ." ಅವತ್ತು ರಾತ್ರಿ ಊಟ ತಡವಾಯಿತು.

ಒರಿಗಾಮಿ ವಿಷಯಕ್ಕೂ ಹೀಗೇ ಆಯಿತು. ಒರಿ ಅಂದರೆ ಮಡಚೋದು, ಕಾಮಿ ಅಂದರೆ ಕಾಗದ, ಸೇರಿದಾಗ ಒರಿಗಾಮಿ. ಕ ಹೋಗಿ ಗ ಬಂತು. ಮಳೆ ಮತ್ತು ಕಾಲ ಸೇರಿ ಮಳೆಗಾಲ ಆದ ಹಾಗೆ. ಆದೇಶ ಸಂಧಿ! ಹೈಸ್ಕೂಲಲ್ಲಿ ನನ್ನ ಎರಡು ಮಾರ್ಕ್ಸ್ ತಿಂದುಹಾಕಿದ್ದ ಆದೇಶ ಸಂಧಿ ನಲವತ್ತನೇ ವಯಸ್ಸಲ್ಲಿ ಜಪಾನಿ ಲೆಕ್ಕ ಕಲಿಯೋಕೆ ಉಪಯೋಗಕ್ಕೆ ಬಂತು. ನೂರು ಅಂದರೆ ಹ್ಯಾಕು, ಆದರೆ ಮುನ್ನೂರು ಸಂಬ್ಯಾಕು, ಆರುನೂರು ರೊಪ್ಪ್ಯಾಕು. ಇಂಗ್ಲಿಷ್ ಪಾಠದಲ್ಲಿ ಇದನ್ನು ಅಪವಾದ ಅಂತ ಬಾಯಿಪಾಠ ಮಾಡಿಸುತ್ತಾರೆ. ನಮಗೆ ಇನ್ನೂರು, ಮುನ್ನೂರು, ಐನೂರು ಅಂತ ಸಂಖ್ಯೆ ರೂಪ ಬದಲಿಸೋದು ಹೊಸದೇನಲ್ಲ ಅಲ್ವಾ.

ಹಾಗಂತ ಕನ್ನಡವೂ ಜಪಾನಿಯೂ ಅಕ್ಕತಂಗಿ ಅಂತ ನಾನು ಹೇಳುತ್ತಿಲ್ಲ. ಓನೋ ಸುಸುಮು ಅನ್ನುವ ಜಪಾನಿ ವಿದ್ವಾಂಸರು ತಮಿಳಿಗೂ ಜಪಾನಿಗೂ ನಂಟಿದೆ ಅಂತ ವಾದಿಸಿದ್ದರು, ಭಾಷಾಶಾಸ್ತ್ರದವರು ಹೆಚ್ಚಿನವರು ಅದನ್ನು ಒಪ್ಪಿಲ್ಲ. ನನಗೆ ಆ ಜಗಳ ಬೇಡ. ನನಗೆ ಬೇಕಾಗಿದ್ದು ಒಂದೇ, ಬಾಯಿ ತೆರೆದಾಗ ವಾಕ್ಯ ಉಲ್ಟಾ ಮಾಡೋ ಕೆಲಸ ತಪ್ಪಬೇಕು. ಅದು ತಪ್ಪಿತು.

ಸಣ್ಣಸಣ್ಣವು ಇನ್ನೂ ಇವೆ. ಮಾತಿನ ಕೊನೆಗೆ ಅವರು ನೆ ಅಂತಾರೆ, ಅದು ನಮ್ಮ ಅಲ್ವಾ. ಸಮುಯಿ ದೆಸ್ ನೆ, ಚಳಿ ಅಲ್ವಾ. ಯೊ ಅಂತಾರೆ, ಅದು ನಮ್ಮ ಕಣ್ರೀ. ತಬೆತೆ ಮಿಮಸ್ ಅಂದರೆ ಪದಕ್ಕೆ ಪದ ತಿಂದು ನೋಡ್ತೀನಿ. ತಿನ್ನೋದನ್ನು ಕಣ್ಣಲ್ಲಿ ಹೇಗೆ ನೋಡ್ತೀರಿ ಅಂತ ಇಂಗ್ಲಿಷಿನವರು ತಲೆ ಕೆರೆದುಕೊಳ್ಳಲಿ, ನಮಗೆ ವಿವರಣೆ ಬೇಕಿಲ್ಲ. ಇನ್ನು ಮನೆಯಿಂದ ಹೊರಡುವಾಗ ಹೇಳೋ ಮಾತು, ಇತ್ತೆಕಿಮಸ್. ಇತ್ತೆ ಅಂದರೆ ಹೋಗಿ, ಕಿಮಸ್ ಅಂದರೆ ಬರ್ತೀನಿ. ಒಳಗಿದ್ದವರು ಇತ್ತೆರಸ್ಶಾಯ್ ಅನ್ನಬೇಕು, ಹೋಗಿ ಬನ್ನಿ. ಇದರ ಕೆಳಗೆ ಅತ್ತೆ ಎರಡು ಸಲ ಕೆಂಪು ಗೆರೆ ಎಳೆದರು.

ಉಚ್ಚಾರಣೆಗೂ ಕನ್ನಡ ಲಿಪಿಯೇ ವಾಸಿ. ಒಬಸಾನ್ ಅಂದರೆ ಆಂಟಿ, ಒಬಾಸಾನ್ ಅಂದರೆ ಅಜ್ಜಿ. ಇಂಗ್ಲಿಷ್ ಅಕ್ಷರದಲ್ಲಿ ಓದಿದರೆ ದೀರ್ಘ ತಪ್ಪಿ, ನಲವತ್ತರ ಹೆಂಗಸನ್ನು ಅಜ್ಜಿ ಅಂದು ಒದೆ ತಿನ್ನಬೇಕು. ಕಿತೆ ಬೇರೆ, ಕಿತ್ತೆ ಬೇರೆ, ನಮಗೆ ಒತ್ತಕ್ಷರ ಅಭ್ಯಾಸ ಇದೆ. ಅನುಸ್ವಾರವೂ ಇದೆ ಅವರಿಗೆ, ಮುಂದೆ ಪ ಬ ಬಂದರೆ ನಮ್ಮ ಸೊನ್ನೆಯ ಹಾಗೇ ಮ್ ಆಗುತ್ತೆ. ಬಸ್ ಅನ್ನು ಬಸ್ಸು, ಬ್ಯಾಗ್ ಅನ್ನು ಬ್ಯಾಗು ಮಾಡಿಕೊಂಡ ಹಾಗೆ ಅವರೂ ಬಸು, ಬಗ್ಗು ಮಾಡಿಕೊಂಡಿದ್ದಾರೆ. ಕೊನೆಗೊಂದು ಸ್ವರ ಇಲ್ಲದಿದ್ದರೆ ಇಬ್ಬರಿಗೂ ಸಮಾಧಾನ ಇಲ್ಲ.

ಕಾಂಜಿಗೆ ಮಾತ್ರ ಕೈಮುಗಿದೆ. ಒಳಗೆ, ಹೊರಗೆ, ಗಂಡಸು, ಹೆಂಗಸು, ಇಷ್ಟು ಕಲಿತೆ, ಕೊನೆಯೆರಡು ಯಾಕೆ ಅಂತ ಹೇಳಬೇಕಾಗಿಲ್ಲ. ಕತಕಾನ ಕಷ್ಟಪಟ್ಟು ಪೂರ್ತಿ ಕಲಿತೆ, ಅದು ಲಾಭದ ವ್ಯಾಪಾರ, ಯಾಕೆಂದರೆ ಆ ಅಕ್ಷರದಲ್ಲಿ ಬರೆದದ್ದು ಹೆಚ್ಚಾಗಿ ಇಂಗ್ಲಿಷ್ ಪದವೇ. ಓದಿದರೆ ಅರ್ಥ ತಾನಾಗಿ ಬರುತ್ತೆ.

ನವೆಂಬರ್ ಎರಡನೇ ವಾರ ಹೊರಟೆವು. ನಗೋಯಾ ವಿಮಾನ ನಿಲ್ದಾಣ ಇರೋದು ಸಮುದ್ರದಲ್ಲಿ ಮಣ್ಣು ತುಂಬಿ ಮಾಡಿದ ದ್ವೀಪದ ಮೇಲೆ. ಹೆಂಡತಿ ಬಂದು ಕರೆದುಕೊಂಡು ಹೋದಳು, ಆ ದಿನ ನನ್ನ ಜಪಾನಿಗೆ ಕೆಲಸ ಇರಲಿಲ್ಲ.

ಮರುದಿನ ಬೆಳಗ್ಗೆ ಅವಳು ಆಫೀಸಿಗೆ ಹೋದಳು. ನಾನು ಎದೆ ಸೆಟೆಸಿಕೊಂಡು ಬೀದಿ ಮೂಲೆಯ ಕೊಂಬಿನಿಗೆ ಹೋದೆ. ಕೊಂಬಿನಿ ಅಂದರೆ 24 ಗಂಟೆ ತೆರೆದಿರುವ ಸಣ್ಣ ಅಂಗಡಿ. ಎರಡು ಮೊಸರು, ಬಾಳೆಹಣ್ಣು, ನನಗೊಂದು ಚೀಸ್ ಬನ್ನು. ಕೌಂಟರಿನ ಮೇಲಿಟ್ಟು, "ಒನೆಗಾಯ್ ಶಿಮಸ್" ಅಂದೆ, ತುಂಬಾ ಚೆನ್ನಾಗಿ ಬಂತು. ಅಲ್ಲೇ ತಪ್ಪಾಗಿದ್ದು. ಚೆನ್ನಾಗಿ ಅಂದಿದ್ದರಿಂದ ಹುಡುಗ ನನಗೆ ಜಪಾನಿ ಬರುತ್ತೆ ಅಂದುಕೊಂಡು ಒಂದೇ ಉಸಿರಲ್ಲಿ ಏನೋ ಕೇಳಿದ. ನಲವತ್ತು ವಾಕ್ಯದಲ್ಲಿ ಅದು ಇರಲಿಲ್ಲ. "ಹಾಯ್" ಅಂದೆ, ಹೌದು ಅಂತ ಅರ್ಥ. ಚೀಲ ತೆಗೆದ. ಇನ್ನೇನೋ ಕೇಳಿದ. ಹಾಯ್. ಎರಡು ಜೊತೆ ಚಾಪ್‌ಸ್ಟಿಕ್ ಹಾಕಿದ. ಮತ್ತೆ ಕೇಳಿದ. ಹಾಯ್. ನನ್ನ ಬನ್ನನ್ನು ಎತ್ತಿಕೊಂಡು ಹಿಂದಕ್ಕೆ ಹೋದ! ನಾನು ಏನೋ ಕೊಡಬಾರದ ಒಪ್ಪಿಗೆ ಕೊಟ್ಟುಬಿಟ್ಟೆ, ಬನ್ನು ಹೋಯಿತು ಅಂತ ನಿಂತಿದ್ದೆ. ಅರ್ಧ ನಿಮಿಷಕ್ಕೆ ಬಿಸಿ ಮಾಡಿ ತಂದುಕೊಟ್ಟ. ನಾಲ್ಕನೇ ಪ್ರಶ್ನೆಗೂ ಹಾಯ್ ಅಂದೆ. ಹುಡುಗ ಕೈ ಚಾಚಿ ಕಾದ. ನಾನೂ ಕಾದೆ. ಅದು ಪಾಯಿಂಟ್ ಕಾರ್ಡ್ ಇದೆಯಾ ಅಂತ ಕೇಳಿದ್ದು ಅಂತ ಸಂಜೆ ಗೊತ್ತಾಯಿತು.

"ಮೊಸರಿಗೆ ಕಡ್ಡಿ ಯಾಕೆ ತಂದ್ರಿ?" ಅಂದರು ಅತ್ತೆ.

ಆ ರಾತ್ರಿ ನೋಟ್‌ಬುಕ್ ತಿರುಗಿಸಿ ಹಿಂದಿನ ಪುಟದಿಂದ ಶುರು ಮಾಡಿದೆವು. ನಾವು ಏನು ಹೇಳಬೇಕು ಅನ್ನೋದಲ್ಲ, ಅವರು ಏನು ಕೇಳ್ತಾರೆ. ಹೆಂಡತಿ ಹೇಳಿದಳು, ನಾವು ಬರೆದುಕೊಂಡೆವು. ಪೂರ್ತಿ ವಾಕ್ಯ ಬೇಡ, ಅದರೊಳಗೆ ಕಿವಿಗೆ ಸಿಗುವ ಒಂದೇ ಪದ ಸಾಕು ಅಂದಳು. ಫುಕುರೊ ಕೇಳಿಸಿದರೆ ಚೀಲ. ಒಹಾಶಿ ಕೇಳಿಸಿದರೆ ಕಡ್ಡಿ. ಅತತಮೆ ಅಂತ ತೊದಲಿದ ಹಾಗೆ ಕೇಳಿಸಿದರೆ ಬಿಸಿ ಮಾಡಲಾ ಅಂತ. ಗೆಂಕಿನ್ ಅಂದರೆ ನಗದು. ಹೋಟೆಲಿನಲ್ಲಿ ನನ್‌ಮೇಯ್ ಅಂದರೆ ಎಷ್ಟು ಜನ. ದಾರಿ ಕೇಳಿದಾಗ ಮಿಗಿ ಬಲ, ಹಿದರಿ ಎಡ, ಮಸ್ಸುಗು ನೇರ. ಯಾವ ಪಟ್ಟಿಯವರೂ ಇದನ್ನು ಮೊದಲು ಕೊಡೋದಿಲ್ಲ, ಅದೇ ನನಗೆ ಸಿಟ್ಟು. ಸ್ಟೇಷನ್ ಎಲ್ಲಿದೆ ಅಂತ ಕೇಳೋಕೆ ಕಲಿಸಿ, ಎಡಕ್ಕೆ ಹೋಗಿ ಅಂದರೆ ತಿಳಿಯೋದನ್ನು ಕಲಿಸದಿದ್ದರೆ ಕೇಳಿ ಏನು ಪ್ರಯೋಜನ?

ಎಲ್ಲದಕ್ಕೂ ಹಾಯ್ ಅನ್ನೋ ಬದಲು ಹೇಳಬೇಕಾದ ಮಾತು ದಾಯ್ಜೋಬು ದೆಸ್. ಪಟ್ಟಿಯಲ್ಲಿ ಇದಕ್ಕೆ "ಓಕೆ" ಅಂತ ಅರ್ಥ ಕೊಟ್ಟಿದ್ದರು, ಅಂದರೆ ಚೀಲ ಬೇಕಾ ಅಂತ ಕೇಳಿದಾಗ ದಾಯ್ಜೋಬು ಅಂದರೆ ಬೇಕು ಅಂತಲೋ ಬೇಡ ಅಂತಲೋ ಅಂತ ನಾನು ಒದ್ದಾಡುತ್ತಿದ್ದೆ. ಹೆಂಡತಿ ಒಂದೇ ಪದದಲ್ಲಿ ಬಿಡಿಸಿದಳು. "ಪರವಾಗಿಲ್ಲ." ಇನ್ನೊಂದು ಲೋಟ ಕಾಫಿ ತಗೊಳ್ಳಿ ಅಂದರೆ ನಾವು ಪರವಾಗಿಲ್ಲ ಅಂತೀವಲ್ಲ, ಬೇಡ ಅಂತ. ಬಿದ್ದು ಪೆಟ್ಟಾಯ್ತಾ ಅಂದರೂ ಪರವಾಗಿಲ್ಲ. ಎರಡಕ್ಕೂ ಅದೇ.

ಮೂರನೇ ದಿನದಿಂದ ಮನೆ ಹತ್ತಿರದ ಒಂದು ಹಳೇ ಕಾಫಿ ಅಂಗಡಿ ನಮ್ಮ ಅಡ್ಡೆಯಾಯಿತು. ನಗೋಯಾದಲ್ಲಿ ಒಂದು ಒಳ್ಳೇ ಪದ್ಧತಿ ಇದೆ. ಬೆಳಗಿನ ಹೊತ್ತು ಕಾಫಿಗೆ ಕೊಟ್ಟ ದುಡ್ಡಲ್ಲೇ ಟೋಸ್ಟು, ಬೇಯಿಸಿದ ಮೊಟ್ಟೆ ಬರುತ್ತೆ, ಇದಕ್ಕೆ ಮೋನಿಂಗು ಅಂತಾರೆ. ಒಳಗೆ ಹೋದ ಕೂಡಲೇ ಅಂಗಡಿಯಮ್ಮ ನನ್‌ಮೇಯ್ ಅಂದರು, ನಾನು ಬಾಯಿ ತೆರೆಯುವ ಮೊದಲೇ ಅತ್ತೆ "ಫುತಾರಿ" ಅಂದರು. ಅವರಿಗೆ ಈ ಪದ ಮೊದಲಿಂದಲೂ ಇಷ್ಟ. ಎರಡು ಸಾಮಾನಾದರೆ ಫುತಾತ್ಸು, ಇಬ್ಬರು ಜನವಾದರೆ ಫುತಾರಿ. ಎರಡು, ಇಬ್ಬರು. ಆಮೇಲೆ "ತಮಾಗೊ ನಶಿ ದೆ ಒನೆಗಾಯ್ ಶಿಮಸ್", ಮೊಟ್ಟೆ ಇಲ್ಲದೆ ದಯವಿಟ್ಟು. ಅಂಗಡಿಯಮ್ಮ ಯೋಚನೆ ಮಾಡಿ, ಮೊಟ್ಟೆಯ ಬದಲು ಟೋಸ್ಟಿಗೆ ಒಗುರ ಹಚ್ಚಿ ತಂದರು. ಕೆಂಪು ಅಜುಕಿ ಕಾಳು ಬೇಯಿಸಿ ಸಕ್ಕರೆ ಹಾಕಿ ಅರೆದದ್ದು, ಕೆಳಗೆ ಬೆಣ್ಣೆ. ನಗೋಯಾದ ಹೆಸರುವಾಸಿ ತಿಂಡಿ ಇದು. ಅತ್ತೆ ಒಂದು ತುದಿ ಕಚ್ಚಿ, ಕಣ್ಣು ಮುಚ್ಚಿ, ನನ್ನ ಕಡೆ ತಿರುಗಿದರು.

"ಹೂರಣ! ಬ್ರೆಡ್ಡಿನ ಮೇಲೆ ಹೂರಣ ಹಚ್ಚಿ ಕೊಟ್ಟಿದ್ದಾರೆ."

ಅಂಗಡಿಯಮ್ಮ ದೂರದಿಂದ ನೋಡುತ್ತಿದ್ದರು. ಅತ್ತೆ "ಒಯಿಶೀ ದೆಸ್ ನೆ" ಅಂದರು, ರುಚಿಯಾಗಿದೆ ಅಲ್ವಾ. ಮಾಡಿದವರನ್ನೇ ಅಲ್ವಾ ಅಂತ ಕೇಳಿದ್ದು ಅವರಿಗೆ ತಮಾಷೆಯಾಗಿರಬೇಕು, ನಕ್ಕುಬಿಟ್ಟರು. ಆಮೇಲೆ ದಿನಾ ಕೇಳದೆಯೇ ಒಗುರ ಬರುತ್ತಿತ್ತು.

ಊಟದ ವಿಷಯ ಇಷ್ಟು ಸುಲಭವಾಗಲಿಲ್ಲ. "ನಿಕು ತೊ ಸಕಾನ ವ ತಬೆಮಸೆನ್", ಮಾಂಸ, ಮೀನು ತಿನ್ನಲ್ಲ, ಇದನ್ನು ನಿದ್ದೆಯಲ್ಲೂ ಹೇಳುತ್ತಿದ್ದೆ. ಸಾಲದು. ದಶಿ ಅಂತ ಒಂದಿದೆ, ಸಾರಿನ ತಳಪಾಯ. ಹೆಚ್ಚಿನ ಕಡೆ ಒಣಗಿಸಿದ ಮೀನಿನ ತುರಿಯಿಂದ ಮಾಡಿರುತ್ತಾರೆ, ಅವರ ಲೆಕ್ಕದಲ್ಲಿ ಅದು ಮೀನಲ್ಲ, ನಮ್ಮಲ್ಲಿ ಒಗ್ಗರಣೆಯ ಇಂಗನ್ನು ಯಾರೂ ಲೆಕ್ಕಕ್ಕೆ ಹಿಡಿಯದ ಹಾಗೆ. ಒಂದು ಕಿಶಿಮೆನ್ ಅಂಗಡಿಯಲ್ಲಿ, ಕಿಶಿಮೆನ್ ಅಂದರೆ ಅಗಲ ಪಟ್ಟಿಯ ನೂಡಲ್ಸು, ದಶಿ ಇಲ್ಲದೆ ಕೊಡ್ತೀರಾ ಅಂತ ಕೇಳಿದೆ. ಅಡುಗೆಯವರು ಹಲ್ಲಿನ ಸಂದಿಯಿಂದ ಗಾಳಿ ಎಳೆದುಕೊಂಡು, ತಲೆ ಓರೆ ಮಾಡಿ, "ಚೊತ್ತೊ..." ಅಂದು ನಿಲ್ಲಿಸಿದರು. ಚೊತ್ತೊ ಅಂದರೆ ಸ್ವಲ್ಪ. ಪಟ್ಟಿಯ ಪ್ರಕಾರ ಅವರು ಸ್ವಲ್ಪ ದಶಿ ಹಾಕ್ತೀನಿ ಅಂದ ಹಾಗಾಯಿತು. ಅತ್ತೆ ಆಗಲೇ ಎದ್ದು ನಿಂತಿದ್ದರು. "ಆಗಲ್ಲ ಅಂತಿದ್ದಾರೆ, ನಡೀರಿ. ಸ್ವಲ್ಪ ಕಷ್ಟ ಅಂತ ನಾವು ಹೇಳಲ್ವಾ?" ಅವತ್ತು ಮಧ್ಯಾಹ್ನ ಉಪ್ಪಿನಕಾಯಿ ಥರದ ಉಮೆ ಹಣ್ಣಿಟ್ಟ ಅನ್ನದ ಉಂಡೆ ತಿಂದು ಮುಗಿಸಿದೆವು, ರಾತ್ರಿ ಮನೆಯಲ್ಲಿ ಸಾರು.

ನಾನು ಅತಿ ಹೆಚ್ಚು ಸಲ ಹೇಳಿದ ವಾಕ್ಯ ಯಾವುದು ಅಂತ ಕೇಳಿದರೆ, ನಮಸ್ಕಾರವೂ ಅಲ್ಲ, ಥ್ಯಾಂಕ್ಸೂ ಅಲ್ಲ. "ಎರೆಬೇತಾ ವ ದೊಕೊ ದೆಸ್ ಕ." ಲಿಫ್ಟ್ ಎಲ್ಲಿದೆ. ಕನಯಾಮ ಸ್ಟೇಷನ್ನಿನಲ್ಲಿ ಮೂರು ಕಂಪನಿಗಳ ರೈಲು ಸೇರುತ್ತವೆ, ಅತ್ತೆಯ ಮೊಣಕಾಲಿಗೆ ಅಲ್ಲಿನ ಮೆಟ್ಟಿಲು ಆಗುತ್ತಿರಲಿಲ್ಲ. ಐದನೇ ದಿನ ನೋವು ಜಾಸ್ತಿಯಾಗಿ ಔಷಧಿ ಅಂಗಡಿಗೆ ಹೋದೆವು. ಔಷಧಿಗೆ ಅವರ ಪದ ಕುಸುರಿ. ನಮ್ಮ ಕುಸುರಿ ಕೆಲಸದ ಕುಸುರಿಯನ್ನೇ ನೆನಪಿಟ್ಟುಕೊಂಡಿದ್ದೆ. "ಹಿಜ ಗ ಇತಾಯ್ ದೆಸ್", ಮೊಣಕಾಲು ನೋವು ಅಂತ ಅತ್ತೆಯೇ ಹೇಳಿದರು, ಸೀರೆಯ ಮೇಲೆ ಕೈಯಿಟ್ಟು ತೋರಿಸಿದರು. ಶಿಪ್ಪು ಅಂತ ಅಂಟಿಸೋ ಪಟ್ಟಿ ಕೊಟ್ಟರು. ಅತ್ತೆ ಈಗಲೂ ಸಾಗರದಲ್ಲಿ ಅದರ ಗುಣಗಾನ ಮಾಡುತ್ತಾರೆ.

ಹತ್ತನೇ ದಿನ ಅತ್ಸುತಾ ದೇಗುಲ ನೋಡಿಕೊಂಡು ಮೆಟ್ರೋದಲ್ಲಿ ವಾಪಸ್ ಬರುತ್ತಿದ್ದೆವು, ಓಸು ಮಾರ್ಕೆಟ್ ನೋಡೋಣ ಅಂತ ಕಮಿಮಾಯೆಜು ಸ್ಟೇಷನ್ನಿನಲ್ಲಿ ಇಳಿದೆವು. ರೈಲಿನ ಬಾಗಿಲು ಮುಚ್ಚಿದ ಮೇಲೆ ಅತ್ತೆ ತಮ್ಮ ಕೈ ನೋಡಿಕೊಂಡರು. ಚೀಲ ಇಲ್ಲ. ಕೆಂಪು ಬಟ್ಟೆ ಚೀಲ, ಅದರೊಳಗೆ ಬೀಪಿ ಮಾತ್ರೆ, ಚಕ್ಕುಲಿ ಡಬ್ಬಿ ಮತ್ತು ಆ ನೋಟ್‌ಬುಕ್.

ನನಗೆ ಕೈಕಾಲು ಆಡಲಿಲ್ಲ. ಅತ್ತೆ ಅಲ್ಲೇ ಬೆಂಚಿನ ಮೇಲೆ ಕೂತರು. "ಇದು ಸುತ್ತು ಹಾಕೋ ರೈಲು ಅಂತ ನೀವೇ ಹೇಳಿದ್ರಲ್ಲ. ಮತ್ತೆ ಇಲ್ಲಿಗೇ ಬರುತ್ತೆ, ಕಾಯೋಣ." ಮೆಯಿಜೋ ಲೈನ್ ನಿಜವಾಗಿಯೂ ಊರಿಗೆ ಒಂದು ಸುತ್ತು ಹಾಕುತ್ತೆ, ಆದರೆ ಅದೇ ರೈಲು, ಅದೇ ಬೋಗಿ ಅಂತ ಹೇಗೆ ಹಿಡಿಯೋದು? ಅವರನ್ನು ಕೂರಿಸಿ ಗೇಟಿನ ಪಕ್ಕದ ಕಿಟಕಿಗೆ ಓಡಿದೆ.

"ಸುಮಿಮಸೆನ್. ದೆನ್‌ಶ ನಿ ಕಬಾನ್ ಒ ವಸುರೆಮಶ್ತ." ರೈಲಿನಲ್ಲಿ ಚೀಲವನ್ನು ಮರೆತೆ. ಈ ವಾಕ್ಯ ನಲವತ್ತರಲ್ಲಿ ಇರಲಿಲ್ಲ. ಅಲ್ಲಲ್ಲಿಂದ ಪದ ತೆಗೆದು ಕನ್ನಡದ ಕ್ರಮದಲ್ಲಿ ಪೋಣಿಸಿದ್ದು, ಯೋಚನೆ ಮಾಡೋಕೆ ಟೈಮೂ ಇರಲಿಲ್ಲ. ಸ್ಟೇಷನ್ನಿನವರು ಕಾಗದ, ಪೆನ್ನು ತೆಗೆದುಕೊಂಡರು. 'ಇರೊ' ಅಂತ ಕಿವಿಗೆ ಬಿತ್ತು, ಬಣ್ಣ. "ಅಕ", ಕೆಂಪು. ನನ್‌ಜಿ ಅಂದರು, ಎಷ್ಟು ಗಂಟೆ. ಈಗಷ್ಟೇ ಹೋದ ರೈಲು ಅಂತ ಕೈಯಲ್ಲಿ ತೋರಿಸಿದೆ. ಒಳಗೇನಿದೆ ಅಂತ ಕೇಳಿರಬೇಕು, ನನಗೆ ಅರ್ಥವಾಗಲಿಲ್ಲ, ಆದರೆ ನಾನಾಗಿಯೇ ಹೇಳಿದೆ. "ಹಹ ನೊ ಕುಸುರಿ ಗ ಅರಿಮಸ್." ಅಮ್ಮನ ಔಷಧಿ ಇದೆ. ಅತ್ತೆಗೆ ಬೇರೆ ಪದ ಇದೆ ಅವರಲ್ಲಿ, ಆ ಗಡಿಬಿಡಿಯಲ್ಲಿ ಬರಲಿಲ್ಲ, ಅಮ್ಮ ಅಂತ ಬಂತು. ಕುಸುರಿ ಅಂದ ಕೂಡಲೇ ಅವರ ಮುಖವೇ ಬದಲಾಯಿತು. ಫೋನ್ ಎತ್ತಿದರು, ಒಂದಾದ ಮೇಲೆ ಒಂದು ಮೂರು ಕಡೆ ಮಾತಾಡಿದರು.

ಚೀಲ ಓಜೋನೆ ಅನ್ನುವ ಸ್ಟೇಷನ್ನಿನಲ್ಲಿ ಸಿಕ್ಕಿತು. ಅಲ್ಲಿಗೆ ಹೋಗಿ, ಹೆಸರು ಬರೆದು, ಸಹಿ ಹಾಕಿ ತಗೊಂಡೆವು. ಅವರು ಒಳಗಿದ್ದ ಸಾಮಾನನ್ನು ಒಂದೊಂದಾಗಿ ಮೇಜಿನ ಮೇಲೆ ಇಟ್ಟು ಸರಿಯಿದೆಯಾ ಅಂತ ಕೇಳಿದರು. ಚಕ್ಕುಲಿ ಡಬ್ಬಿ ಬಂದಾಗ ಅತ್ತೆ ಮುಚ್ಚಳ ತೆಗೆದು, ತಬೆತೆ ಮಿತೆ ಕುದಸಾಯ್, ತಿಂದು ನೋಡಿ ಅಂತ ಮುಂದೆ ಚಾಚಿದರು. ಡ್ಯೂಟಿಯಲ್ಲಿದ್ದ ಆ ಮನುಷ್ಯ ಕೈ ಅಡ್ಡ ಆಡಿಸಿ, ತಲೆ ಬಗ್ಗಿಸಿ, "ದಾಯ್ಜೋಬು ದೆಸ್" ಅಂದರು. ಪರವಾಗಿಲ್ಲ. ಅತ್ತೆ ಬಲವಂತ ಮಾಡಲಿಲ್ಲ.

ಹೊರಡುವ ದಿನ ಬೆಳಗ್ಗೆ ಕೊನೆಯ ಸಲ ಕಾಫಿ ಅಂಗಡಿಗೆ ಹೋದೆವು, ಶನಿವಾರ, ಹೆಂಡತಿಯೂ ಜೊತೆಗಿದ್ದಳು. ನಾವು ಇವತ್ತು ಇಂಡಿಯಾಗೆ ಹೋಗ್ತಿದ್ದೀವಿ ಅಂತ ಅಂಗಡಿಯಮ್ಮನಿಗೆ ಹೇಳಿದಳು. ಅವರು ಬಾಗಿಲವರೆಗೆ ಬಂದರು. ಅತ್ತೆ ಕೈಮುಗಿದು, "ಇತ್ತೆಕಿಮಸ್" ಅಂದರು.

ಹೆಂಡತಿ ತೋಳು ಹಿಡಿದು ಮೆಲ್ಲಗೆ ಹೇಳಿದಳು. "ಅಮ್ಮಾ, ಅದು ನಮ್ಮ ಮನೆಯಿಂದ ಹೊರಡೋವಾಗ ಹೇಳೋದು. ವಾಪಸ್ ಬರೋರು ಹೇಳೋದು. ಇಲ್ಲಿ ಬೇರೆ ಹೇಳಬೇಕು."

"ಹೋಗ್ತೀನಿ ಅಂತ ಹೇಗೆ ಹೇಳೋದೇ?" ಅಂದರು ಅತ್ತೆ.

ಅಂಗಡಿಯಮ್ಮನಿಗೆ ಈ ಮಾತೇನೂ ಅರ್ಥವಾಗಿರಲಿಕ್ಕಿಲ್ಲ. ಅವರು ಒಂದು ಗಳಿಗೆ ಅತ್ತೆಯ ಮುಖ ನೋಡಿದರು, ಆಮೇಲೆ ಎರಡೂ ಕೈ ಏಪ್ರನ್ ಮೇಲಿಟ್ಟು ಬಾಗಿ, "ಇತ್ತೆರಸ್ಶಾಯ್" ಅಂದರು.